ಆರಿಸದ ಮೈಕು

ನಡುರಾತ್ರಿ ಹೆಡ್‌ಫೋನಿನಲ್ಲಿ ‘ಪಟ್’ ಎಂದು ಸಣ್ಣ ಸದ್ದಾಯಿತು. ಅತ್ತಿಗೆ ಬೆಚ್ಚಿದಳು. ರಾತ್ರಿ ಕೈಗೆ ಬಂದ ರೆಕಾರ್ಡಿಂಗಿನಲ್ಲಿ, ಸಂಜೆ ಶೂಟಿಂಗ್ ಮುಗಿದು ಎಲ್ಲರೂ ಹೊರಟುಹೋದ ಮೇಲಿನ ಸದ್ದು ಅದು. ಮೈದುನ ಮಹಾಶಯ ಈ ಸಲವೂ ಕಾಲರ್ ಮೈಕ್ ಆರಿಸಲು ಮರೆತಿದ್ದ.

ಲಕ್ಷಾಂತರ ಜನ ನೋಡುವ ಅವನ ‘ಕೆರೆ ಉಳಿಸಿ’ ವಿಡಿಯೋಗಳಿಗೆ ಸದ್ದು ಕೂಡಿಸುವವಳು ಅವಳೇ. ಮನೆಯವರೆಲ್ಲ ಮಲಗಿದ ಮೇಲೇ ಆ ಕೆಲಸ. ಇವತ್ತು ಮಾತ್ರ ಅವನ ಹುಳುಕು ಹುಡುಕುತ್ತಾ ಕೂತಿದ್ದಳು. ಸಿಕ್ಕಿಯೂ ಇತ್ತು: “ಆ ಚೀಲದ ಕಸ ಇಲ್ಲೇ ಸುರೀರಪ್ಪ, ಕೆರೆ ತೀರಾ ಚೊಕ್ಕಟವಾಗಿ ಕಾಣ್ತಿದೆ!” ಪತ್ರಿಕೆಯಲ್ಲಿದ್ದ ಗೆಳತಿಗೆ ಬೆಳಿಗ್ಗೆ ಇಷ್ಟು ಕಳಿಸಿದರೆ ಸಾಕು, ಅವನ ಬಣ್ಣ ಬಯಲು. ಕಳಿಸುತ್ತೇನೆಂದು ಮಾತೂ ಕೊಟ್ಟಿದ್ದಳು.

ಮತ್ತೆ ‘ಪಟ್’. ಆಮೇಲೆ ಪಟಪಟ. ನೀರು ಬಡಿಯುತ್ತಿರುವ ಹಕ್ಕಿಯ ರೆಕ್ಕೆ!

“ಬಂದೆ, ಬಂದೆ ತಾಯಿ,” ಮೈದುನನ ದನಿ. “ಹಗಲೇ ನೋಡಿದ್ದೆ ನಿನ್ನ. ಅಷ್ಟು ಜನ ಹತ್ತಿರ ಬಂದಿದ್ರೆ ನೀನು ಹೆದರಿ ಸತ್ತೇ ಹೋಗ್ತಿದ್ದೆ.”

ಅವನು ನೀರಿಗಿಳಿದ ಸದ್ದು. ಕತ್ತರಿಯ ಕಚಕಚ. ಯಾರೋ ಎಸೆದ ಮೀನುಬಲೆಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದ. “ಅಯ್ಯೋ, ಕುಕ್ಕಬೇಡ್ವೇ ಮಾರಾಯ್ತಿ! ನಿನ್ನ ಕೆಲಸಾನೇ ಮಾಡ್ತಿರೋದು!” ಹಲ್ಲು ಕಟಕಟ ನಡುಗುವುದೂ ಕೇಳುತ್ತಿತ್ತು. ಒಂದು ಗಂಟೆ ಕಳೆಯಿತು. ಎರಡಾಯಿತು. ಅತ್ತಿಗೆ ಕೂತಲ್ಲಿಂದ ಅಲುಗಲಿಲ್ಲ.

ಕೊನೆಗೆ ಬಿಚ್ಚಿಕೊಂಡ ರೆಕ್ಕೆಗಳು ಮೈಕಿನ ಪಕ್ಕದಲ್ಲೇ ಹಾದು, ಎಡಗಿವಿಯಿಂದ ಬಲಗಿವಿಗೆ, ಬಲಗಿವಿಯಿಂದ ಎಲ್ಲಿಗೋ ಏರಿಹೋದವು. ಅವಳು ತನಗೇ ತಿಳಿಯದಂತೆ ತಲೆಯೆತ್ತಿ ಚಾವಣಿ ನೋಡಿದಳು. ಆಮೇಲೆ ಅವನ ಉಸಿರಷ್ಟೇ ಕೇಳುತ್ತಿತ್ತು.

ಬೆಳಿಗ್ಗೆ ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ಬಂದ ಮೈದುನ ಬಾಗಿಲಲ್ಲೇ ನಿಂತ. “ಅತ್ತಿಗೇ, ರೆಕಾರ್ಡಿಂಗ್ ಎಲ್ಲಿವರೆಗೆ ಬಂದಿದೆ?”

“ನೀವೆಲ್ಲ ಹೊರಡೋವರೆಗೆ. ಕಸ ಸುರಿದ ಭಾಗ ಕಿತ್ತು ಹಾಕಿದೀನಿ. ಇನ್ನೊಂದ್ಸಲ ಆ ನಾಟಕ ಆಡಿದ್ರೆ ಬೇರೆಯವರನ್ನ ನೋಡ್ಕೋ.”

ಅವನು ಸಿಕ್ಕಿಬಿದ್ದ ಮಗುವಿನಂತೆ ತಲೆ ಕೆರೆದುಕೊಂಡ. “ಚೊಕ್ಕಟ ಕೆರೆ ತೋರಿಸಿದ್ರೆ ಉಳಿಸೋಕೆ ಯಾರೂ ಬರಲ್ಲ ಅತ್ತಿಗೆ...”

“ಬರದಿದ್ರೆ ಬೇಡ. ಕೈಗೇನಾಯ್ತು?”

“ಬೇಲಿ ತರಚಿತು.”

“ಕೊಕ್ಕಿರೋ ಬೇಲಿನಾ?” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಹೇಳಿದರೆ ನಾಳೆ ಅದೂ ಒಂದು ವಿಡಿಯೋ ಆದೀತು. ‘ಕಳಿಸುವಂಥದ್ದೇನೂ ಇಲ್ಲ’ ಎಂದು ಗೆಳತಿಗೆ ಬರೆದಳು. ಆ ಎರಡು ಗಂಟೆಯ ಸದ್ದನ್ನು ಬೇರೆಯಾಗಿ ತೆಗೆದಿಟ್ಟಳು. ಗೆಳತಿಗಿರಲಿ, ಗಂಡನಿಗಿರಲಿ, ಇವನಿಗೂ ಎಂದೂ ಹೇಳುವುದಿಲ್ಲ.