ದುರಗಮ್ಮನ ಪುಂಡಿಪಲ್ಯ

ಶಹಾಪುರದ ಕಡೆ ಕಾಲುವೆಗೆ ನೀರು ಬಿಟ್ಟರು ಎಂದರೆ ಊರಿನ ಗಂಡಸರು ಓಡುವುದು ತೂಬಿನ ಕಡೆಗೆ, ಹೆಂಗಸರು ಓಡುವುದು ಹಣಮಂತಮ್ಮನ ಮನೆಗೆ. ಭತ್ತದ ಸಸಿ ಹಚ್ಚುವ ಗುಂಪಿಗೆ ಅವಳೇ ಮುಂದಾಳು. ಕೆಸರಿನಲ್ಲಿ ಸಾಲಾಗಿ ಬಾಗಿ ನಿಂತ ಹೆಂಗಸರಿಗೆ ಅವಳು ಒಂದು ನುಡಿ ಹಾಡಬೇಕು, ಉಳಿದವರು ಅದನ್ನೇ ತಿರುಗಿ ಹಾಡುತ್ತ ಕೈ ಓಡಿಸಬೇಕು. ಹಣಮಂತಮ್ಮ ಕಲಿತ ಹಾಡು ಹಾಡುವವಳಲ್ಲ. ಕಣ್ಣಿಗೆ ಬಿದ್ದದ್ದನ್ನೇ ನಿಂತಲ್ಲೇ ಹಾಡು ಮಾಡುವವಳು. ಚಹಾ ತಡ ಮಾಡಿದ ಹೊಲದ ಯಜಮಾನ, ಹೊಸ ಸೀರೆ ಉಟ್ಟು ಕೆಸರಿಗಿಳಿದ ಮದುಮಗಳು, ಬದುವಿನ ಮೇಲೆ ಕುಳಿತು ಬೀಡಿ ಸೇದುವ ಅವಳ ಸ್ವಂತ ಗಂಡ ಮರಿಲಿಂಗಪ್ಪ, ಯಾರನ್ನೂ ಬಿಟ್ಟವಳಲ್ಲ. ಬೈಸಿಕೊಂಡವರೂ ನಗುತ್ತಿದ್ದರು. ಅಷ್ಟು ಬಾಯಿಗಳು ಒಟ್ಟಿಗೆ ಹಾಡುವಾಗ ನಗದೆ ಮತ್ತೇನು ಮಾಡಿಯಾರು?

ಇಂಥ ಹೆಂಗಸಿನ ಬಾಯಿ ಕಟ್ಟಿಹೋದದ್ದು ಒಂದು ಸಣ್ಣ ಗುಳಿಗೆಯಿಂದ.

ಕೆಲವು ವರ್ಷಗಳ ಹಿಂದೆ ಅವಳ ಮಗ ಕಾಲುವೆಗೆ ಜಾರಿ ಬಿದ್ದಿದ್ದ. ಅಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದವರು ಎಳೆದು ದಂಡೆಗೆ ಹಾಕಿದರು. ಹುಡುಗ ಮರುದಿನವೇ ಗೋಲಿ ಆಡಲು ಹೋದ. ತಾಯಿಯ ಎದೆ ಮಾತ್ರ ಅಂದಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾಗುವುದು, ಉಸಿರು ಸಿಕ್ಕುವುದು, ಈಗಲೇ ಸತ್ತೆ ಅನ್ನಿಸುವುದು. ಪಟ್ಟಣದ ವೈದ್ಯರೊಬ್ಬರು ಆತಂಕ ಇಳಿಯಲೆಂದು ಗುಳಿಗೆ ಬರೆದು, ಸ್ವಲ್ಪ ದಿನ ಮಾತ್ರ ಎಂದು ಹೇಳಿ ಕಳಿಸಿದ್ದರು. ನುಂಗಿದರೆ ಎದೆ ಸುಮ್ಮನಾಗುತ್ತಿತ್ತು. ಸುಮ್ಮನಿರುವ ಎದೆ ಯಾರಿಗೆ ಬೇಡ? ಸ್ವಲ್ಪ ದಿನ ಹೋಗಿ ವರ್ಷಗಳಾದವು. ಖಾಲಿ ಪಟ್ಟಿ ತೋರಿಸಿದರೆ ಔಷಧದ ಅಂಗಡಿಯವನು ತುಂಬಿದ ಪಟ್ಟಿ ಕೊಡುತ್ತಿದ್ದ. ಒಂದು ಗುಳಿಗೆ ಇದ್ದದ್ದು ಎರಡಾಯಿತು.

ಎದೆಯ ಜೊತೆಗೆ ತಲೆಯೂ ಸುಮ್ಮನಾಯಿತು. ಹೋದ ವರ್ಷದ ನಾಟಿಯಲ್ಲಿ ಅವಳು ಒಂದು ನುಡಿ ಎತ್ತಿದಳು, ಅರ್ಧಕ್ಕೆ ಬಂದು ನಿಂತುಬಿಟ್ಟಳು. ಮುಂದಿನ ಮಾತು ಎಲ್ಲಿಯೂ ಇಲ್ಲ. ಸಾಲಿಗೆ ಸಾಲೇ ಸಸಿ ಹಿಡಿದುಕೊಂಡು ಕಾಯಿತು. ಕೊನೆಗೆ ಅವಳ ಗೆಳತಿ ದುರಗಮ್ಮ ಏನೋ ಒಂದು ಒದರಿ ಮಾನ ಉಳಿಸಿದಳು. ಅಂದಿನಿಂದ ಮುಂದಾಳುತನ ದುರಗಮ್ಮನ ಪಾಲಿಗೆ ಬಂತು. ಪಾಪ, ದುರಗಮ್ಮನಿಗೆ ಬರುತ್ತಿದ್ದುದು ಒಂದೇ ಹಾಡು. ಅದನ್ನೇ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡಿ ಹಾಡಿ ಹೆಂಗಸರಿಗೆ ಸೊಂಟದ ನೋವಿಗಿಂತ ಆ ಹಾಡಿನ ನೋವೇ ಹೆಚ್ಚಾಯಿತು.

ಹಣಮಂತಮ್ಮ ಅವಮಾನದಿಂದ ಕುದ್ದುಹೋದಳು. ಇದೆಲ್ಲ ಗುಳಿಗೆಯ ಕೆಲಸವೆಂದು ಆ ಅಂಗಡಿಯವನ ಬಾಯಿಂದಲೇ ತಿಳಿದದ್ದೇ ತಡ, ಸಿಟ್ಟಿನಿಂದ ಪಟ್ಟಿಯನ್ನು ಕಾಲುವೆಗೆ ಎಸೆದು ಬಂದಳು. ಒಂದೆರಡು ದಿನದಲ್ಲಿ ಮೈಯೆಲ್ಲ ನಡುಗಿ, ಬೆವರಿ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಾಣತೊಡಗಿದಳು. ಮರಿಲಿಂಗಪ್ಪ ಅವಳನ್ನು ಆಟೋದಲ್ಲಿ ಹಾಕಿಕೊಂಡು ಶಹಾಪುರದ ದವಾಖಾನೆಗೆ ಓಡಿದ.

ಅಲ್ಲಿಯ ವೈದ್ಯರು ನಸೀರುದ್ದೀನ ಸಾಹೇಬರು. ದಪ್ಪ ಮೀಸೆ, ದೊಡ್ಡ ದನಿ. ಅವಳನ್ನು ದಾಖಲು ಮಾಡಿಕೊಂಡು, ನಡುಕ ನಿಂತ ಮೇಲೆ ಮಂಚದ ಪಕ್ಕ ಕುಳಿತು ಕೇಳಿದರು.

"ಒಮ್ಮಿಗೇ ಬಿಡು ಅಂತ ಯಾರು ಹೇಳ್ಯಾರವ್ವಾ ನಿಮಗ?"

"ನನ್ನ ಸಿಟ್ಟು ಹೇಳಿತ್ರಿ ಸಾಹೇಬ್ರ."

"ಸಿಟ್ಟಿಗಿ ಡಾಕ್ಟರಕಿ ಬರಂಗಿಲ್ಲ. ಇಷ್ಟ್ ವರ್ಷ ನುಂಗಿದ್ದು ಒಮ್ಮಿಗೇ ನಿಲ್ಲಿಸಿದ್ರ ಫಿಟ್ಸ್ ಬರ್ತಾವ, ಜೀವಕ್ಕ ಕುತ್ತು ಬರ್ತದ. ನಾ ಸ್ವಲ್ಪ ಸ್ವಲ್ಪ ಇಳಸ್ಕೋತ ಹೋಗ್ತೀನಿ. ನೀವು ತಡಕೋಬೇಕು. ಎದಿ ಹೊಡಕೊಂಡ್ರ ಕುಂತು ಉಸಿರು ನಿಧಾನ ಬಿಡ್ರಿ. ಅದು ಬರ್ತದ, ತಾನೇ ಹೋಗ್ತದ. ಅದರಿಂದ ಯಾರೂ ಸಾಯಂಗಿಲ್ಲ."

"ಮುಂದಿನ ನಾಟಿಗಿ ನಾ ಹಾಡಬೇಕ್ರಿ. ಅಷ್ಟ ಮಾಡಿ ಕೊಡ್ರಿ."

"ಹಾಡ್ತೀರಿ. ಜಲ್ದಿ ಮಾಡಬ್ಯಾಡ್ರಿ," ಎಂದರು ಸಾಹೇಬರು.

ತಿಂಗಳುಗಟ್ಟಲೆ ನಡೆಯಿತು ಆ ಇಳಿತ. ಗುಳಿಗೆಗಳನ್ನು ಮರಿಲಿಂಗಪ್ಪನ ಕೈಗೆ ಕೊಟ್ಟಿದ್ದರು. ಅವನು ಅವನ್ನು ಬ್ಲೇಡಿನಿಂದ ಎಷ್ಟು ಭಕ್ತಿಯಿಂದ ಕತ್ತರಿಸುತ್ತಿದ್ದನೆಂದರೆ, ಮದುವೆಯಾದಂದಿನಿಂದ ಹೆಂಡತಿಯ ಯಾವ ಕೆಲಸಕ್ಕೂ ಅವನು ಅಷ್ಟು ಗಮನ ಕೊಟ್ಟಿರಲಿಲ್ಲ. ಎರಡು ಇದ್ದದ್ದು ಒಂದೂವರೆಯಾಯಿತು, ಒಂದಾಯಿತು, ಅರ್ಧವಾಯಿತು. ಪ್ರತಿ ಸಲ ಇಳಿಸಿದಾಗಲೂ ಕೆಲವು ದಿನ ನಿದ್ದೆ ಕೆಡುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಗಂಡ ಕೆಮ್ಮಿದರೂ ಜಗಳ. ಸಾಹೇಬರು ಒಮ್ಮೆ ಇನ್ನಷ್ಟು ದಿನ ಅಷ್ಟಕ್ಕೇ ನಿಲ್ಲೋಣವೆಂದರು, ನಿಂತರು. ಆಮೇಲೆ ಮತ್ತೆ ಇಳಿಸಿದರು. ಕಾಲುವೆಗೆ ನೀರು ಬರುವ ಹೊತ್ತಿಗೆ ಕೊನೆಯ ಚೂರೂ ನಿಂತಿತು.

ನಾಟಿ ಶುರುವಾಯಿತು. ಮೊದಲ ಕೆಲವು ದಿನ ಹಣಮಂತಮ್ಮ ಸಾಲಿನಲ್ಲಿ ನಿಂತು ಬರೀ ಸಸಿ ಹಚ್ಚಿದಳು. ಹಾಡಲು ಧೈರ್ಯ ಬರಲಿಲ್ಲ. ಆದರೆ ಕಣ್ಣಿಗೆ ಮತ್ತೆ ಎಲ್ಲ ಕಾಣತೊಡಗಿತ್ತು. ಕೊಕ್ಕರೆ ಮರಿಲಿಂಗಪ್ಪನ ಹಾಗೆ ನಡೆಯುವುದು ಕಂಡು ಒಬ್ಬಳೇ ನಕ್ಕಳು.

ಮಧ್ಯಾಹ್ನ ಊಟಕ್ಕೆ ಕುಳಿತರೆ ಈ ಗುಂಪಿನಲ್ಲಿ ನನ್ನದು ನಿನ್ನದು ಎಂಬುದಿಲ್ಲ. ಎಲ್ಲರ ಬುತ್ತಿಯೂ ಒಂದೇ ಬಟ್ಟೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ತಾನು ಕಟ್ಟಿ ತಂದ ರೊಟ್ಟಿಯನ್ನು ತಾನೇ ತಿಂದವಳು ಜಿಪುಣಿ. ಆದರೆ ಈ ಸಲ ದುರಗಮ್ಮ ಮಾತ್ರ ಒಂದು ಸಣ್ಣ ಡಬ್ಬಿಯನ್ನು ಬೇರೆ ತರತೊಡಗಿದ್ದಳು. "ಇದು ನಿನಗಷ್ಟೇ ನೋಡವಾ, ಪುಂಡಿಪಲ್ಯ. ಮೈಯಾಗ ಕಸುವು ಬರ್ತದ," ಎಂದು ಹಣಮಂತಮ್ಮನ ಕೈಗೇ ಕೊಡುವಳು. ಗೆಳತಿಯ ಪ್ರೀತಿ ದೊಡ್ಡದು, ಆದರೆ ದುರಗಮ್ಮನ ಕೈಯ ಉಪ್ಪು ಅದಕ್ಕಿಂತ ದೊಡ್ಡದು. ಇದನ್ನು ಅವಳಿಗೆ ಹೇಳುವ ಎದೆಗಾರಿಕೆ ಇಷ್ಟು ವರ್ಷದಲ್ಲಿ ಯಾರಿಗೂ ಬಂದಿರಲಿಲ್ಲ. ಹಣಮಂತಮ್ಮ "ಆಹಾ" ಎನ್ನುತ್ತ ಡಬ್ಬಿ ತೆಗೆದುಕೊಂಡು, ದುರಗಮ್ಮ ಆಚೆ ತಿರುಗಿದೊಡನೆ ಪಕ್ಕದ ಮಲಕಮ್ಮನ ರೊಟ್ಟಿಯ ಮೇಲೆ ಸುರಿಯುತ್ತಿದ್ದಳು. ಮಲಕಮ್ಮ ಚಿಕ್ಕ ವಯಸ್ಸಿನವಳು, ಏನು ಹಾಕಿದರೂ ತಿನ್ನುವವಳು.

ಆ ಮಲಕಮ್ಮನಿಗೆ ಇತ್ತೀಚೆಗೆ ಒಂದು ವಿಚಿತ್ರ ರೋಗ. ಊಟವಾದೊಡನೆ ಬದುವಿನ ಮೇಲೆ ಅಡ್ಡಾದರೆ ಎಬ್ಬಿಸಿದರೂ ಏಳುವುದಿಲ್ಲ. ಕೆಲವರು ಬಸುರಿ ಎಂದರು, ಕೆಲವರು ಮೈಗಳ್ಳಿ ಎಂದರು. ಅವಳ ಅತ್ತೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ವಿಭೂತಿ ತಂದು ಹಣೆಗೆ ಬಳಿದಳು. ವಿಭೂತಿ ಹಚ್ಚಿಕೊಂಡೇ ಮಲಕಮ್ಮ ಗೊರಕೆ ಹೊಡೆದಳು.

ಒಂದು ಬೆಳಿಗ್ಗೆ ಹಣಮಂತಮ್ಮ ತಾನಾಗಿಯೇ ಮುಂದೆ ಬಂದು ನಿಂತಳು. ದುರಗಮ್ಮ ಹಾಡಲು ಬಾಯಿ ತೆರೆಯುವಷ್ಟರಲ್ಲಿ ಇವಳ ದನಿ ಎದ್ದಿತು. ಹೊಲದ ಯಜಮಾನನ ಕೊಡೆಯ ತೂತಿನಿಂದ ಶುರುವಾದದ್ದು ಅವನ ಹೊಟ್ಟೆಯವರೆಗೆ ಹೋಯಿತು. ನುಡಿಯ ಮೇಲೆ ನುಡಿ. ಹೆಂಗಸರು ನಕ್ಕು ನಕ್ಕು ಹಚ್ಚಿದರು. ಮಧ್ಯಾಹ್ನಕ್ಕೆ ಗದ್ದೆ ಮುಕ್ಕಾಲು ಹಸಿರಾಗಿತ್ತು. ಹಣಮಂತಮ್ಮನಿಗೆ ಕಣ್ಣು ತುಂಬಿ ಬಂತು. ಕೆಸರಿನ ಕೈಯಿಂದಲೇ ಒರೆಸಿಕೊಂಡು ಮುಖವೆಲ್ಲ ಬಳಿದುಕೊಂಡಳು.

ಊಟವಾದ ಮೇಲೆ ಎಲ್ಲರೂ ಅವಳನ್ನು ಹೊಗಳುತ್ತಿದ್ದಾಗ ದುರಗಮ್ಮನಿಗೆ ತಡೆಯಲಾಗಲಿಲ್ಲ. ಹತ್ತಿರ ಜರುಗಿ, ದೊಡ್ಡ ಉಪಕಾರ ಮಾಡಿದವರ ಗತ್ತಿನಲ್ಲಿ ಕಿವಿಯಲ್ಲಿ ಹೇಳಿದಳು.

"ನೀ ಹಾಡಿದ್ದಲ್ಲಬೇ, ನಾ ಹಾಡಿಸಿದ್ದು. ಹ್ವಾದ ವರ್ಷ ನೀ ಮರತು ಹೋದ ಗುಳಿಗಿ ಪಟ್ಟಿ ಒಂದು ನಮ್ಮನ್ಯಾಗ ಉಳದಿತ್ತು. ಡಾಕ್ಟರು ಪೂರಾ ನಿಲ್ಲಿಸ್ಯಾರ ಅಂದಕೂಡ್ಲೆ ನನಗ ಫಿಕೀರ್ ಹತ್ತಿತು. ಮತ್ತ ಇಕಿ ನಡಗಾಕತ್ತಿದ್ರ ಸಾಯೂತನಕ ನಾನೇ ಹಾಡಬೇಕಲ್ಲ? ದಿನಾ ಅರ್ಧ ಅರ್ಧ ಪುಡಿ ಮಾಡಿ ಪಲ್ಯದಾಗ ಹಾಕೀನಿ."

ಹಣಮಂತಮ್ಮನ ಮುಖ ಬಿಳಿಚಿಕೊಂಡಿತು. ಹಾಗಾದರೆ ತಾನು ಬಿಟ್ಟಿರಲೇ ಇಲ್ಲ. ಬೆಳಿಗ್ಗೆ ಹಾಡಿದ್ದು ತಾನಲ್ಲ, ಎದೆಯನ್ನು ಸುಮ್ಮನಿರಿಸಿದ ಗುಳಿಗೆ. ಅಷ್ಟು ತಿಂಗಳ ಅಳು, ನಿದ್ದೆಗೇಡು, ಗಂಡನ ಬ್ಲೇಡು, ಎಲ್ಲ ನೀರಿನಲ್ಲಿ ಹೋಮ. ಎದೆ ಹಳೆಯ ಹಾಗೆಯೇ ಡವಡವ ಹೊಡೆಯತೊಡಗಿತು. ಕೈ ತಣ್ಣಗಾಯಿತು. ಕುಳಿತಲ್ಲೇ ಬದುವನ್ನು ಗಟ್ಟಿಯಾಗಿ ಹಿಡಿದುಕೊಂಡು, ಸಾಹೇಬರು ಹೇಳಿದ ಹಾಗೆ ಉಸಿರನ್ನು ನಿಧಾನವಾಗಿ ಬಿಟ್ಟಳು. ಮತ್ತೆ ಬಿಟ್ಟಳು. ದುರಗಮ್ಮ ಹೆದರಿ, "ಏನಾತಬೇ? ಇನ್ನೂ ಅದಾವ, ಒಂದು ಕೊಡ್ಲೇನು?" ಎಂದು ಸೆರಗಿನ ಗಂಟಿಗೆ ಕೈ ಹಾಕಿದಳು.

"ಸುಮ್ಕ ಕುಂಡ್ರು!" ಎಂದಳು ಹಣಮಂತಮ್ಮ, ಹಲ್ಲು ಕಚ್ಚಿ.

ಎದೆ ಒಂದಿಷ್ಟು ಹೊತ್ತು ಕುಣಿಯಿತು. ಆಮೇಲೆ ತಾನೇ ದಣಿದು ಮೆಲ್ಲಗೆ ಇಳಿಯಿತು. ಅದು ಇಳಿದ ಮೇಲೆಯೇ ಅವಳಿಗೆ ಬುದ್ಧಿ ಓಡಿದ್ದು. ಯಾವ ಪಲ್ಯ? ಅವಳು ಮೆಲ್ಲಗೆ ಕತ್ತು ಹೊರಳಿಸಿ ನೋಡಿದಳು. ಬದುವಿನ ಮೇಲೆ ಮಲಕಮ್ಮ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಬಾಯಿ ತೆರೆದುಕೊಂಡು ಸೊಗಸಾಗಿ ಮಲಗಿದ್ದಳು.

"ದುರಗೀ," ಎಂದಳು ಹಣಮಂತಮ್ಮ, "ನಿನ್ನ ಪಲ್ಯ ನಾ ಒಂದು ದಿನಾನೂ ತಿಂದಿಲ್ಲಬೇ. ಎಲ್ಲಾ ಇಕಿ ತಿಂದಾಳ."

"ಯಾಕ?"

"ಉಪ್ಪು. ಬಾಯಾಗ ಇಡಾಕ ಆಗಂಗಿಲ್ಲ."

ಗುಳಿಗೆಯ ವಿಷಯಕ್ಕೆ ಒಂದಿಷ್ಟೂ ನಾಚದ ದುರಗಮ್ಮ ಈ ಮಾತಿಗೆ ಕೆಂಪಾದಳು. "ಇಪ್ಪತ್ತು ವರ್ಷದಿಂದ ಆಹಾ ಅನ್ಕೋತ ಬಂದೀದಿ! ಖರೆ ಹೇಳು, ಅವಾಗೂ ತಿಂದಿಲ್ಲೇನು?" ಹಣಮಂತಮ್ಮನಿಗೆ ನಗು ಹೊಟ್ಟೆಯೊಳಗಿಂದ ಎದ್ದು ಬಂದಿತ್ತು.

ನಗು ಮುಗಿದ ಮೇಲೆ ಭಯ ಹತ್ತಿತು. ಮಲಕಮ್ಮನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು. ಮರಿಲಿಂಗಪ್ಪನನ್ನು ಕರೆಸಿ ಆಟೋ ತರಿಸಿ, ಕೆಸರು ಕಾಲಿನಲ್ಲೇ ಸಾಹೇಬರ ಮುಂದೆ ಹೋಗಿ ನಿಂತರು. ಹಣಮಂತಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ನಸೀರುದ್ದೀನ ಸಾಹೇಬರ ಮೀಸೆ ಮೊದಲು ಸಿಟ್ಟಿನಿಂದ ನಡುಗಿತು.

"ಒಬ್ಬರ ದವಾ ಇನ್ನೊಬ್ಬರಿಗಿ ಹಾಕ್ತೀರೇನು? ಅದೇನು ಮಜ್ಜಿಗಿ ಹೆಪ್ಪೇನು, ಮನಿ ಮನಿಗಿ ಹಂಚಾಕ? ಈ ಹುಡುಗಿ ಕೆಸರಾಗ ಮುಖ ಅಡಿಯಾಗಿ ಬಿದ್ದಿದ್ರ ಯಾರು ಎಬ್ಬಸ್ತಿದ್ರು?"

ದುರಗಮ್ಮನ ತಲೆ ಕೆಳಗಾಯಿತು. ಸೆರಗಿನ ಗಂಟು ಬಿಚ್ಚಿ, ಉಳಿದ ಗುಳಿಗೆಗಳನ್ನು ಮೇಜಿನ ಮೇಲೆ ಇಟ್ಟು, "ತಪ್ಪಾತ್ರಿ ಸಾಹೇಬ್ರ, ಅಕಿ ಮ್ಯಾಲಿನ ಪ್ರೀತಿಗಿ ಮಾಡಿದ್ನಿ," ಎಂದು ಅತ್ತೇಬಿಟ್ಟಳು. ಸಾಹೇಬರು ಮಲಕಮ್ಮನ ನಾಡಿ, ರಕ್ತದೊತ್ತಡ ಎಲ್ಲ ನೋಡಿದರು. ಸ್ವಲ್ಪ ದಿನ ತಿಂದದ್ದರಿಂದ ಏನೂ ಆಗುವುದಿಲ್ಲ, ಎರಡು ದಿನ ಮನೆಯಲ್ಲಿರಲಿ, ಮತ್ತೆ ಬಂದು ತೋರಿಸಲಿ ಎಂದರು.

ಮಲಕಮ್ಮ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ನಾ ಮೈಗಳ್ಳಿ ಅಲ್ಲ, ಬಸುರಿನೂ ಅಲ್ಲ ಅಂತ ನಮ್ಮತ್ತಿಗಿ ಒಂದು ಮಾತು ಹೇಳಿ ಕಳಸ್ರಿ ಸಾಹೇಬ್ರ," ಎಂದಳು. ಸಾಹೇಬರಿಗೆ ಆಗ ನಗು ತಡೆಯಲಾಗಲಿಲ್ಲ.

ಹೊರಡುವಾಗ ಹಣಮಂತಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಹಂಗಂದ್ರ ಬೆಳಗ್ಗಿ ಹಾಡಿದ್ದು ಯಾರ್ರಿ?"

"ನಿಮ್ಮ ಹೊಟ್ಟ್ಯಾಗ ಗುಳಿಗಿ ಬಿಲ್ಕುಲ್ ಇಲ್ಲ. ಮತ್ತ ಯಾರು ಹಾಡ್ತಾರವ್ವಾ? ನೀವೇ."

ಆ ಮಾತನ್ನು ಅವಳು ಆಟೋದ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊರಳಿಸಿದಳು. ನಂಬಬೇಕೆಂದರೂ ಪೂರ್ತಿ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಹಾಡಿದಾಗ ಎದೆ ಸುಮ್ಮನಿತ್ತು. ಸುಮ್ಮನಿಲ್ಲದಾಗ?

ಅದಕ್ಕೆ ಉತ್ತರ ಮರುದಿನವೇ ಸಿಕ್ಕಿತು. ಸಾಲು ನಿಂತು, ಎಲ್ಲರ ಕಣ್ಣು ತನ್ನ ಮೇಲೆ ಬಿದ್ದದ್ದೇ ತಡ, ಎದೆ ಶುರುವಾಯಿತು. ಕೈಯೊಳಗಿನ ಸಸಿ ಅದುರಿತು. ದುರಗಮ್ಮ ಪಕ್ಕದಿಂದ ನೋಡಿ, "ನಾ ಎತ್ತಲೇನವಾ?" ಎಂದಳು, ಈ ಸಲ ಬಹಳ ಮೆತ್ತಗೆ. ಹಣಮಂತಮ್ಮ ತಲೆಯಲ್ಲಾಡಿಸಿದಳು. ಹಾಡಲು ಏನು ಕಾಣುತ್ತದೆಂದು ಸುತ್ತ ನೋಡಿದಳು. ಗದ್ದೆ ಕಾಣಲಿಲ್ಲ, ಯಜಮಾನ ಕಾಣಲಿಲ್ಲ, ಕಿವಿಯ ತುಂಬ ತನ್ನ ಎದೆಯ ಸದ್ದೇ ಇತ್ತು. ಇದ್ದದ್ದು ಇದೊಂದೇ ಆದರೆ ಇದನ್ನೇ ಹಾಡಿದರಾಯಿತು ಎಂದುಕೊಂಡು ದನಿ ಎತ್ತಿದಳು.

"ಡವಡವ ಬಡಿಯೋ ಎದಿಯವ್ವಾ, ಬಡಿ ಬಡಿ ನೀನು ಬಿಡಬ್ಯಾಡ
ನಿನ್ನ ಬಡಿತಕ್ಕ ಸಸಿ ಹಚ್ಚತೀವಿ, ಹಚ್ಚೂತನಕ ನಿಲಬ್ಯಾಡ!"

ಮೊದಲ ನುಡಿಗೆ ದನಿ ನಡುಗಿತು, ಎರಡನೆಯದಕ್ಕೆ ನಡುಗಲಿಲ್ಲ. ಹೆಂಗಸರು ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದರು. ಅವರಲ್ಲಿ ಎಷ್ಟು ಜನರ ಎದೆ ಹಾಗೆ ಬಡಿದುಕೊಂಡಿತ್ತೋ ಯಾರು ಬಲ್ಲರು, ಒಬ್ಬರೂ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಆಮೇಲೆ ಸಾಲಿಗೆ ಸಾಲೇ ಅದೇ ನುಡಿಯನ್ನು ತಿರುಗಿ ಹಾಡಿತು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ದುರಗಮ್ಮ.