ಮುಳ್ಳು ನೂರ ಹನ್ನೆರಡಕ್ಕೆ ನಿಂತಾಗ

ಇನ್ನೊಂದು ಸಲ ಇಂಜಿನ್ನಿನ ಹಗ್ಗ ಎಳೆದು ನೋಡಲೇ? ಐದು ಸಲ ಎಳೆದಾಯಿತು. ಐದು ಸಲವೂ ಮೀಟರಿನ ಮುಳ್ಳು ನೂರ ಹನ್ನೆರಡಕ್ಕೇ ಹೋಗಿ ನಿಂತಿದೆ. ಆರನೆಯ ಸಲಕ್ಕೆ ಅದಕ್ಕೆ ಕರುಣೆ ಹುಟ್ಟೀತು ಎಂದುಕೊಳ್ಳುವುದು ಭೌತಶಾಸ್ತ್ರ ಓದಿದವನಿಗೆ ಶೋಭೆಯಲ್ಲ. ಆದರೆ ಇವರ ಮುಖ ನೋಡಿ ‘ಆಗಲಿಲ್ಲ’ ಎನ್ನುವುದು ಹೇಗೆ?

ಇವರು ಎಂದರೆ ಗುಂಯಣ್ಣ. ಮಾತಿಲ್ಲದ ಹೊತ್ತಿನಲ್ಲೂ ಬಾಯಿ ಮುಚ್ಚಿಕೊಂಡೇ ಏನೋ ಗುನುಗುವ ಅಭ್ಯಾಸಕ್ಕೆ ಗುಡ್ಡದ ಮೇಲಿನ ಮರ ಕಡಿಯುವ ಕ್ಯಾಂಪಿನವರು ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಆ ಗುಡ್ಡದ ಮೇಲೆ ಚೈನ್‌ಸಾ ಹಿಡಿದು ಮರ ಕೊಯ್ದವರು. ಆಗಲೇ ಮೊಣಕಾಲು ಇಳಿಜಾರಿಗೆ ಒಗ್ಗುತ್ತಿರಲಿಲ್ಲ. ಕೆಳಗಿನ ಪೇಟೆಯಲ್ಲಿ ನನ್ನ ಸೋದರಮಾವನ ರಿಪೇರಿ ಅಂಗಡಿ ಇದೆ. ಅಲ್ಲಿ ಕೆಲಸದ ಮೇಜಿನ ಮುಂದೆ ಒಂದು ಸ್ಟೂಲು ಖಾಲಿ ಇತ್ತು. ಮಾವ ಹೇಳಿ ಕಳಿಸಿದ್ದ: “ಒಂದು ಇಂಜಿನ್ ಪೂರ್ತಿ ಬಿಚ್ಚಿ, ಹೊಸ ರಿಂಗ್ ಹಾಕಿ ಕೂರಿಸ್ಲಿ. ನಮ್ಮ ಡಿಗ್ರಿ ಬಂದು ಅಳತೆ ಮಾಡ್ತಾನೆ. ನೂರ ಇಪ್ಪತ್ತು ದಾಟಿದ್ರೆ ಬರೋ ತಿಂಗಳಿಂದ ಸ್ಟೂಲು ಅವರದ್ದೇ.”

ಡಿಗ್ರಿ ಎಂದರೆ ನಾನು.

ಅಳೆಯಬೇಕಾದದ್ದು ಕಂಪ್ರೆಶನ್. ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗಿನ ಗಾಳಿ ಎಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ ಎಂಬ ಲೆಕ್ಕ. ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಗಾಳಿ ಸಂದಿನಲ್ಲಿ ಸೋರುತ್ತದೆ, ಮುಳ್ಳು ಮೇಲೇಳುವುದಿಲ್ಲ.

ಅಂದು ಬೆಳಿಗ್ಗೆ ನಾನು ಭಾರಿ ಹುರುಪಿನಲ್ಲಿದ್ದೆ. ಜೀಪು ನಿಲ್ಲುವ ಜಾಗದಿಂದ ಶೆಡ್ಡಿಗೆ ನೂರು ಹೆಜ್ಜೆ ಹತ್ತುವಷ್ಟರಲ್ಲಿ ನಾಲಿಗೆ ಹೊರಬಂದಿತ್ತು ಎನ್ನುವುದು ಬೇರೆ ಮಾತು. ಸ್ಟೋರು ನೋಡಿಕೊಳ್ಳುವ ಅಕ್ಕ ಡೀಸೆಲ್ ಡಬ್ಬದ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾರ್, ಮೊದ್ಲು ನಿಮ್ಗೇ ಮೀಟರ್ ಹಾಕಿ. ರಿಂಗ್ ಹೋಗಿರೋ ಹಾಗಿದೆ” ಎಂದಳು. ಎಲ್ಲರೂ ನಕ್ಕರು.

ಆ ನಗುವಿಗೆ ಉತ್ತರ ಕೊಡಲೆಂದೇ ಇರಬೇಕು, ಒಂದು ಉಪನ್ಯಾಸ ಬಿಗಿದೆ. “ಇಷ್ಟು ಎತ್ತರದಲ್ಲಿ ಗಾಳಿ ತೆಳು. ಪೆಟ್ರೋಲ್ ಮಾತ್ರ ಕೆಳಗಿನಷ್ಟೇ ಹೋಗ್ತಿದೆ. ಅದಕ್ಕೇ ನಿಮ್ಮ ಮಷಿನ್ನುಗಳು ಹೊಗೆ ಕಕ್ಕೋದು, ದಪ್ಪ ಮರ ಸಿಕ್ರೆ ಏದುಸಿರು ಬಿಡೋದು.” ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸ್ಕ್ರೂವನ್ನು ಒಂದೊಂದರಲ್ಲೂ ಚೂರು ಬಿಗಿ ಮಾಡಿದೆ. ಹೊಗೆ ನಿಂತು ಚೈನ್‌ಸಾಗಳು ಕಿರ್ರನೆ ಚೀರಿದವು. ಯಾರೋ ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ವಂದಿಸುವುದೊಂದು ಬಾಕಿ.

ಅದಾಗಿ ಹತ್ತು ನಿಮಿಷಕ್ಕೆ ಗುಂಯಣ್ಣ ರಿಂಗ್ ಹಾಕಿದ್ದ ಚೈನ್‌ಸಾದ ಪ್ಲಗ್ ಬಿಚ್ಚಿ ಆ ತೂತಿಗೆ ಮೀಟರ್ ತಿರುಗಿಸಿದ್ದೆ.

“ಎಷ್ಟು ಸಾರ್?”

“ನೂರ ಹನ್ನೆರಡು.”

ಗುನುಗು ನಿಂತಿತು. ಅವರು ಮೆಲ್ಲಗೆ ಎದ್ದು, ಹಗ್ಗದ ಹಿಡಿಯನ್ನಷ್ಟೇ ಹಿಡಿದು ಚೈನ್‌ಸಾವನ್ನು ಗಾಳಿಯಲ್ಲಿ ತೂಗಿಬಿಟ್ಟರು. ಅದು ಜಾರಿ ಬೀಳಲಿಲ್ಲ. ನಿಂತು, ಒಂದಿಷ್ಟು ಇಳಿದು, ಮತ್ತೆ ನಿಂತಿತು. “ನೋಡಿ, ಒಳಗೆ ಬಿಗಿ ಇದೆ. ಸೋರೋದಾಗಿದ್ರೆ ಇಷ್ಟೊತ್ತಿಗೆ ನನ್ನ ಕಾಲ್ಮೇಲಿರ್ತಿತ್ತು.”

“ತೂಗಿ ನೋಡೋದು ಅಳತೆ ಅಲ್ಲ ಅಣ್ಣ” ಎಂದೆ. ಎಷ್ಟು ಮೃದುವಾಗಿ ಹೇಳಿದೆ ಎಂದು ಆಗ ನನಗೇ ಹೆಮ್ಮೆಯಾಗಿತ್ತು.

ಮಾವನಿಗೆ ಫೋನ್ ಮಾಡಿ ರಿಂಗ್ ಸರಿಯಾಗಿ ಕೂತಿಲ್ಲ ಎಂದೆ. “ಹಾಗಾದ್ರೆ ಬೇಡ. ಮಷಿನ್ ಕೆಳಗೆ ತಗೊಂಡ್ಬಾ, ನಾವೇ ನೋಡೋಣ” ಎಂದ. ಗುಂಯಣ್ಣ ಚೈನ್‌ಸಾವನ್ನು ಬಟ್ಟೆಯಲ್ಲಿ ಒರೆಸಿ ಜೀಪಿನಲ್ಲಿಟ್ಟು, ಒಂದು ಕೈ ಮೊಣಕಾಲಿಗೆ ಊರಿ ಶೆಡ್ಡಿಗೆ ಹತ್ತಿಹೋದರು.

ಅಂಗಡಿಗೆ ಬಂದವನೇ ನಾನು ಮಾಡಿದ ಮೊದಲ ಕೆಲಸ ಅದರ ಸ್ಕ್ರೂ ಸಡಿಲಿಸಿದ್ದು. ಕೆಳಗೆ ಗಾಳಿ ದಟ್ಟ, ಗುಡ್ಡದ ಲೆಕ್ಕದಲ್ಲೇ ಬಿಟ್ಟರೆ ಪೆಟ್ರೋಲ್ ಸಾಲದೆ ಇಂಜಿನ್ ಕಾದು ಕಚ್ಚಿಕೊಳ್ಳುತ್ತದೆ. ಎಂಥ ಮುಂಜಾಗ್ರತೆಯ ಮನುಷ್ಯ ನಾನು! ಅಷ್ಟರಲ್ಲಿ ಊಟಕ್ಕೆ ಹೋಗಿದ್ದ ಮಾವ ಬಂದು ತಾನೇ ಮೀಟರ್ ಹಾಕಿ ಹಗ್ಗ ಎಳೆದ.

ನೂರ ನಲವತ್ತಾರು.

ಮಾವ ಮತ್ತೆ ಎಳೆದ. ನೂರ ನಲವತ್ತಾರು.

ಆ ಕ್ಷಣದಲ್ಲಿ ನನಗೆ ಎಲ್ಲ ಹೊಳೆಯಿತು. ಗುಡ್ಡದಲ್ಲಿ ಒಳಗೆ ಹೋಗುವ ಗಾಳಿಯೇ ಕಡಿಮೆ. ಕಡಿಮೆ ಗಾಳಿಯನ್ನು ಎಷ್ಟು ಒತ್ತಿದರೂ ಮುಳ್ಳು ಕಡಿಮೆಯೇ ಏಳಬೇಕು. ರಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಕ್ಯಾಂಪಿನವರನ್ನೆಲ್ಲ ಕೂರಿಸಿಕೊಂಡು ಗಾಳಿ ತೆಳು ಎಂದು ಪಾಠ ಹೇಳಿದ ಬಾಯಿಯೇ ಹತ್ತು ನಿಮಿಷದಲ್ಲಿ ರಿಂಗ್ ಸರಿಯಿಲ್ಲ ಎಂದಿತ್ತು. ಕಾಲೇಜಿನಲ್ಲಿ ಆ ಪಾಠದ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ತೊಂಬತ್ತನಾಲ್ಕು ಬಂದಿತ್ತು. ಆ ತೊಂಬತ್ತನಾಲ್ಕರಲ್ಲಿ ಒಂದಾದರೂ ಗುಡ್ಡ ಹತ್ತುವಾಗ ನನ್ನ ಜೊತೆ ಬರಬಾರದಿತ್ತೇ?

ಬಾಯಿ ತೆರೆದೆ. ಮಾವ ಆಗಲೇ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿಬಿಟ್ಟಿದ್ದ.

“ಓಹೋ! ಬಂದ್ಬಂದವ್ನೇ ಬಿಚ್ಚಿ ರಿಂಗ್ ಸರಿ ಮಾಡ್ಬಿಟ್ಯಾ? ಅಲ್ವೋ, ನೂರ ಹನ್ನೆರಡರಿಂದ ಇಷ್ಟಕ್ಕೆ ಎತ್ತಿದ್ದೀಯಲ್ಲ! ನಿನ್ನನ್ನ ಕೌಂಟರಲ್ಲಿ ಬಿಲ್ ಬರೆಯೋಕೆ ಕೂರಿಸಿದ್ದೇ ತಪ್ಪು. ಆ ಸ್ಟೂಲ್ ಮೇಲೆ ಇನ್ಮೇಲೆ ನೀನೇ ಕೂತ್ಕೋ.”

ನಾನು ‘ಹೌದು’ ಎನ್ನಲಿಲ್ಲ. ಸುಳ್ಳು ಹೇಳುವುದು ನನಗಾಗದು. ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಸ್ವಭಾವ, ಅದರಲ್ಲೊಂದು ಘನತೆ ಇದೆ ಎಂದು ಕಾಲೇಜಿನ ದಿನಗಳಿಂದಲೂ ನಂಬಿದ್ದವನು. ಆ ಘನತೆಯ ಮೇಲೆ ಈಗ ಸ್ಟೂಲು ಹಾಕಿಕೊಂಡು ಕೂತೆ.

ವಾರದ ಮೇಲೆ ಗುಂಯಣ್ಣ ಫೋನ್ ಮಾಡಿದರು. ಹಿಂದೆ ಚೈನ್‌ಸಾಗಳ ಸದ್ದು, ಯಾರದೋ ಕೂಗು.

“ಸಾರ್, ನೂರ ನಲವತ್ತಾರಕ್ಕೆ ತಂದ್ರಂತೆ. ನಿಮ್ಮ ಮಾವ ಹೇಳಿದ್ರು. ಒಳ್ಳೇದಾಯ್ತು ಬಿಡಿ. ಒಂದ್ ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ. ನಾನೆಲ್ಲಿ ತಪ್ಪಿದೆ? ರಿಂಗಿನ ಬಾಯಿ ಪಿಸ್ಟನ್ನಿನ ಪಿನ್ನಿಗೆ ಸರಿಯಾಗೇ ಕೂರ್ಸಿದ್ದೆ ಅಂತ ನನ್ನ ಜ್ಞಾಪಕ. ಕಣ್ಣು ಮಂಜಾಗಿದೆಯೋ ಏನೋ.”

“ಇಲ್ಲಣ್ಣ, ಅದು... ಸಣ್ಣದು” ಎಂದೆ.

“ಸಣ್ಣದಾ? ಏನದು?”

“ಬಂದಾಗ ತೋರಿಸ್ತೀನಿ.”

“ಎಲ್ಲಿ ಬರ್ತೀನಿ ಸಾರ್. ಕಾಲಿನ ಕತೆ ನಿಮ್ಗೇ ಗೊತ್ತಲ್ಲ” ಎಂದು ನಕ್ಕರು. “ಇನ್ಮೇಲೆ ನಾನು ಇಂಜಿನ್ ಬಿಚ್ಚಲ್ಲ ಬಿಡಿ. ಕೆಟ್ರೆ ನಿಮ್ಗೇ ಕಳಿಸ್ತೀನಿ.”

ಮೂರು ವರ್ಷವಾಯಿತು. ಈಗಲೂ ಕಳಿಸುತ್ತಾರೆ, ಪ್ಲಗ್ ಕೊಳೆಯಾಗಿದ್ದರೂ ಸರಿ, ಬಟ್ಟೆಯಲ್ಲಿ ಒರೆಸಿ, ಜೀಪಿನವನ ಕೈಯಲ್ಲಿ. ಅವರು ಮಾತ್ರ ಇನ್ನೂ ಇಳಿಜಾರಿನಲ್ಲಿ ಮರ ಕೊಯ್ಯುತ್ತಿದ್ದಾರೆ. ಅವರು ಹಾಕಿದ ರಿಂಗ್ ಸರಿಯಾಗಿಯೇ ಇತ್ತು, ನಾನು ಅದನ್ನು ಮುಟ್ಟಲೂ ಇಲ್ಲ ಎಂದು ನಾನು ಗುಂಯಣ್ಣನಿಗೆ ಹೇಳಲೇ ಇಲ್ಲ.