ಉಗುರಿನ ದಪ್ಪದ ಓರೆ

ದೋಣಿಗಳ ಹೊಟ್ಟೆ ಬಗೆದು ರಿಪೇರಿ ಮಾಡುವ ಅಕ್ಕನಿಗೆ ದೋಣಿ ಹತ್ತಿದರೆ ಸ್ವಂತ ಹೊಟ್ಟೆ ತೊಳಸುತ್ತಿತ್ತು. ಊರೆಲ್ಲ ಇದನ್ನು ಆಡಿಕೊಂಡು ನಗುತ್ತಿತ್ತು. ಹಾಗಾಗಿ ಏನೇ ಸರಿಮಾಡಿದರೂ ಆಕೆ ದಡದಲ್ಲೇ ನಿಂತು, ಸದ್ದು ಕೇಳಿಯೇ ತೀರ್ಪು ಕೊಡುತ್ತಿದ್ದಳು.

ತಂಗಿ ಓಡಿಸುವ ಆಂಬುಲೆನ್ಸ್ ಜೆಟ್ ಬೋಟಿಗೆ ಆ ಸಂಜೆ ಪರೀಕ್ಷೆಯಿತ್ತು. ರೋಗಿ, ಸಾಮಾನು ಎಲ್ಲದರ ತೂಕಕ್ಕೆ ಮರಳುಚೀಲ ಹೇರಿಕೊಂಡು, ಬಂಡೆಗಳ ನಡುವಿನ ರಭಸದ ನೀರನ್ನೇರಿ ಮೇಲಿನ ಆಸ್ಪತ್ರೆ ಮುಟ್ಟಬೇಕು. ಮುಟ್ಟದಿದ್ದರೆ ಬೋಟನ್ನು ಸೇವೆಯಿಂದ ತೆಗೆಯುತ್ತಾರೆ. ಆಮೇಲೆ ಕೆಳದಂಡೆಯ ರೋಗಿಗಳಿಗೆ ದಾರಿಯೂ ಇಲ್ಲ, ತಂಗಿಗೆ ಕೆಲಸವೂ ಇಲ್ಲ.

ತಂಗಿಗೆ ಒಳ್ಳೆಯದಾಗಲೆಂದೇ ಅಕ್ಕ ಹಿಂದಿನ ವಾರ ಬೋಟಿನ ಪಂಪು ಬಿಚ್ಚಿದ್ದಳು. ನದಿಯ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುವ ಆ ಪಂಪಿನೊಳಗೆ ತಿರುಗುವುದು ಇಂಪೆಲ್ಲರ್ ಎಂಬ ರೆಕ್ಕೆಚಕ್ರ. ಅದರ ರೆಕ್ಕೆಗಳ ಓರೆಯನ್ನು ಹೆಚ್ಚಿಸಿದ್ದಳು. ಓರೆ ಹೆಚ್ಚಿದಷ್ಟೂ ಒಂದೊಂದು ಸುತ್ತಿಗೂ ಹೆಚ್ಚು ನೀರು, ಹೆಚ್ಚು ನೂಕು ಎಂಬುದು ಅವಳ ಲೆಕ್ಕ. ದಡಕ್ಕೆ ಕೇಳಿದ ಸದ್ದೂ ಹುಲಿಯಂತಿತ್ತು. ಅಕ್ಕ ಬೀಗಿದಳು.

ಪರೀಕ್ಷೆಯ ದಿನ ಬೆಳಗಿನ ತಾಲೀಮಿನಲ್ಲಿ ಬೋಟು ಅರ್ಧ ಏರಿ ನಿಂತುಬಿಟ್ಟಿತು. ಇಂಜಿನ್ ಗುಡುಗುತ್ತಲೇ ಇತ್ತು, ಪಕ್ಕದ ಕರಿಬಂಡೆ ಮಾತ್ರ ಇದ್ದಲ್ಲೇ ಇತ್ತು. ಹಿಂದಕ್ಕೆ ಜಾರಿ ಬಂದ ತಂಗಿ ರೇಗಲಿಲ್ಲ. ಅದೇ ಅಕ್ಕನಿಗೆ ಹೆಚ್ಚು ಚುಚ್ಚಿತು.

"ಒಂದ್ಸಲ ಹತ್ತಿ ನೋಡಕ್ಕ, ದಡದಿಂದ ಗೊತ್ತಾಗಲ್ಲ," ಎಂದಳು ತಂಗಿ.

ಅಕ್ಕ ಹತ್ತಿದಳು. ವಾಂತಿಯೂ ಆಯಿತು. ಬಕೆಟ್ಟು ತಬ್ಬಿಕೊಂಡೇ ಇಂಜಿನ್ನಿನ ಸುತ್ತು ತೋರಿಸುವ ಮೀಟರ್ ನೋಡಿದಳು. ತಂಗಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮುಳ್ಳು, ಇಂಜಿನ್ ಪೂರ್ತಿ ಬಲ ಕೊಡುವ ಗುರುತನ್ನು ಮುಟ್ಟುತ್ತಿರಲಿಲ್ಲ. ಏರಿನಲ್ಲಿ ಸೈಕಲ್ಲನ್ನು ಭಾರದ ಗೇರಿಗೆ ಹಾಕಿ ತುಳಿದಂತಾಗಿತ್ತು. ಅವಳು ಹುಲಿ ಎಂದುಕೊಂಡದ್ದು ಬರೀ ಏದುಸಿರು.

"ನಾನೇ ಇದರ ಕುತ್ತಿಗೆ ಹಿಸುಕಿದೀನಿ ಕಣೇ," ಎಂದಳು.

ಮಧ್ಯಾಹ್ನವೆಲ್ಲ ಶೆಡ್ಡಿನಲ್ಲಿ ಕೂತು, ತುದಿ ಸೀಳಿದ ಕಬ್ಬಿಣದ ಸರಳಿಗೆ ರೆಕ್ಕೆಯಂಚು ಸಿಕ್ಕಿಸಿ, ಓರೆ ಇಳಿಯುವಂತೆ ಒಂದೊಂದನ್ನೇ ಹಿಂದಕ್ಕೆ ಬಗ್ಗಿಸಿದಳು. ಎಲ್ಲವೂ ಒಂದೇ ಸಮ ಇವೆಯೇ ಎಂದು ತಗಡಿನ ಅಚ್ಚು ಹಿಡಿದು ನೋಡಿದಳು. ಬಗ್ಗಿದ್ದು ಉಗುರಿನ ದಪ್ಪದಷ್ಟೂ ಇರಲಿಲ್ಲ. ಇಷ್ಟಕ್ಕೆಲ್ಲ ನದಿ ಜಗ್ಗುತ್ತದೆಯೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಪರೀಕ್ಷೆ ಮಾಡುವ ಮೇಲ್ವಿಚಾರಕರು ಆಸ್ಪತ್ರೆಯ ಮೆಟ್ಟಿಲಲ್ಲಿ ಕಾಯುತ್ತಿದ್ದರು. ಇತ್ತ ಕೆಳದಂಡೆಯಲ್ಲಿ, ರೋಗಿಯ ತೂಕಕ್ಕೆಂದು ಬೋಟಿನ ಸ್ಟ್ರೆಚರಿನ ಮೇಲಿಟ್ಟಿದ್ದ ಮರಳುಚೀಲಗಳನ್ನು ಇಳಿಸಿ ಅಕ್ಕ ತಾನೇ ಮಲಗಿದಳು. ತಪ್ಪಿದರೆ ತಂಗಿ ಒಬ್ಬಳೇ ತಲೆ ತಗ್ಗಿಸುವುದು ಬೇಡವೆಂದು ಅವಳ ಮನಸ್ಸಿನಲ್ಲಿತ್ತು.

ಬೋಟು ನೊರೆಗೆ ನುಗ್ಗಿತು. ಸದ್ದು ಗುಡುಗಲಿಲ್ಲ, ತೆಳ್ಳಗಾಗುತ್ತ, ಮೇಲೇರುತ್ತ, ಒಂದೇ ಎಳೆಯಾಗಿ ನೆಲೆ ನಿಂತಿತು. ಬೆನ್ನ ಕೆಳಗೆ ಇಡೀ ನದಿ ಆ ಪುಟ್ಟ ರೆಕ್ಕೆಗಳ ಸಂದಿಯಲ್ಲಿ ನುಸುಳಿ ಹೋಗುವುದು ಅಕ್ಕನಿಗೆ ಗೊತ್ತಾಗುತ್ತಿತ್ತು. ಕರಿಬಂಡೆ ಬಂತು. ಬಂಡೆ ಮೆಲ್ಲಗೆ ಕದಲಿ, ಕಾಲಿನ ಕಡೆಗೆ ಸರಿದು, ಹಿಂದುಳಿಯಿತು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಇಂಥ ರೆಕ್ಕೆಗಳ ಬಲ ಎಂಥಾದ್ದೆಂದು ಆಗಲೇ ಅವಳಿಗೆ ತಿಳಿದದ್ದು, ಮೈ ಜುಮ್ಮೆಂದಿತು.

ಮೆಟ್ಟಿಲಿಗೆ ಬೋಟು ತಾಗಿದಾಗ ಬಕೆಟ್ಟು ಖಾಲಿಯೇ ಇತ್ತು. ಸ್ಟ್ರೆಚರಿನ ಮೇಲೆ ಅಳುತ್ತಿದ್ದವಳನ್ನು ಕಂಡ ನರ್ಸು, ನಿಜವಾದ ರೋಗಿಯೆಂದೇ ಓಡಿ ಬಂದು, ಎಲ್ಲಿ ನೋವು, ಎಷ್ಟು ನೋವು ಎಂದು ಕೇಳಿದಳು.

ಅಕ್ಕ ಹೆಬ್ಬೆರಳಿಗೆ ತೋರುಬೆರಳು ತಾಗಿಯೂ ತಾಗದಂತೆ ಹಿಡಿದು ತೋರಿಸಿದಳು.

"ಇಷ್ಟೇ," ಎಂದಳು. "ಇಷ್ಟೇ ಬಗ್ಗಿಸಿದ್ದು."